ಒಂದು ಬೆರಳು ಸಡಿಲ

“ಅಜ್ಜಾರ, ಅಂವನ್ನ ಕಳಿಸಿ ನನ್ನನ್ಯಾಕ ಇಟ್ಟುಕೊಂಡ್ರಿ?”

ಕೇಳಿದವನು ಗದಿಗಯ್ಯ. ಹನ್ನೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ನಲವತ್ತರ ಹತ್ತಿರ ಬಂದ ಮೇಲೆ ಪ್ರವಚನ ಹೇಳುವುದನ್ನು ಕಲಿಯಬೇಕೆಂದು ಮಠಕ್ಕೆ ಬಂದವನು. ಅವನು ಬಂದ ದಿನವೇ ಇನ್ನೊಬ್ಬ ಯುವಕನೂ ಬಂದಿದ್ದ. ಆ ಯುವಕನಿಗೆ ಐನೂರು ವಚನಗಳು ಬಾಯಿಪಾಠ. ಕಂಠವೂ ಇಂಪು. ಆ ದಿನ ದಾಸೋಹದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಎದುರಿಗೆ ಕೂತ ಮುದುಕಿಯೊಬ್ಬಳು, ತೀರಿಹೋದ ಮಗಳ ಸುದ್ದಿ ಹೇಳಿಕೊಂಡು ಅಳತೊಡಗಿದಳು. ಯುವಕ ಆಕೆಗೆ ಸಮಾಧಾನವಾಗಲೆಂದು ಒಂದರ ಮೇಲೊಂದು ಮೂರು ವಚನ ಹಾಡಿದ. ಗದಿಗಯ್ಯನಿಗೆ ಒಂದೂ ನೆನಪಾಗಲಿಲ್ಲ. ಆಕೆಯ ಮುಖವನ್ನೇ ನೋಡುತ್ತ ಕೂತಿದ್ದ. ಮರುದಿನ ಮಠದ ಅಜ್ಜನವರು ಯುವಕನ ತಲೆ ನೇವರಿಸಿ, “ನಿನಗ ಕಲಿಸೂದು ಏನೂ ಉಳಿದಿಲ್ಲಪ್ಪ, ಹೋಗಿ ಬಾ” ಎಂದು ಕಳಿಸಿಕೊಟ್ಟರು. ಗದಿಗಯ್ಯನಿಗೆ, “ನೀ ಇರು” ಎಂದರು.

ಅದಾಗಿ ನಾಲ್ಕು ತಿಂಗಳು ಕಳೆದಿದ್ದವು. ಗದಿಗಯ್ಯ ಬೆಳಗ್ಗೆ ಕಲಿತದ್ದನ್ನು ಸಂಜೆಗೆ ಮರೆಯುತ್ತಿದ್ದ. ಹಿಂದಿನ ದಿನ ಪಕ್ಕದ ಊರಿನಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತವನು ಎರಡನೆಯ ಮಾತಿಗೇ ತಡವರಿಸಿ ನಿಂತುಬಿಟ್ಟ. ಗಾಬರಿಯಲ್ಲಿ ಬಾಯಿಂದ ಬಂದದ್ದು ಹಳೆಯ ಮಾತು: “ಒಳಗ ನಡೀರಿ, ಒಳಗ ಜಾಗ ಐತಿ!” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕರುಣಾ ಬಂದು ಇಟ್ಟುಕೊಂಡಿದ್ರ ಹೇಳಿಬಿಡ್ರಿ,” ಎಂದ ಗದಿಗಯ್ಯ. “ಚೀಲಾ ಕಟ್ಟೀನಿ. ಹೊಂಟೆ.”

ಅಜ್ಜನವರು ಚೀಲದ ಕಡೆ ನೋಡಿದರು. “ಚೀಲಾ ಎಲ್ಲೂ ಓಡಿ ಹೋಗೂದಿಲ್ಲ. ಒಂದು ಕತಿ ಕೇಳಿ ಹೋಗು. ನನ್ನ ಕಾವಿ ಹೊಲಿಯೋ ಹೆಣ್ಣುಮಗಳು ಹೇಳಿದ್ದು. ಕಂಪ್ಯೂಟರಿಂದು ಐತಿ. ಮಠದಾಗ ಕೂತಾಂವಗ ಇದ್ಯಾಕ ಅಂತ ನಗಬ್ಯಾಡ ಮತ್ತ.”

ಗದಿಗಯ್ಯ ಕೂತ. ಅಜ್ಜನವರು ಹೇಳತೊಡಗಿದರು.

ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ ಇದ್ದಳು. ಅವಳ ಜೊತೆ ಹತ್ತು ಹೆಂಗಸರು ಕೂತು ಹೊಲಿಯುತ್ತಿದ್ದರು. ಒಂಬತ್ತು ವರ್ಷದಿಂದ ಊರಿನ ದೊಡ್ಡ ಶಾಲೆಯ ಸಮವಸ್ತ್ರ ಅವರ ಕೈಯದೇ. ಹನ್ನೊಂದು ಮನೆಯ ಒಲೆ ಅದರಿಂದ ಉರಿಯುತ್ತಿತ್ತು.

ಆಕೆಯ ಹೊಲಿಗೆಗೆ ಒಂದು ಪದ್ಧತಿ ಇತ್ತು. ಹುಡುಗಿಯರ ಲಂಗದ ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿ ಹೊಲಿಯುವಳು. ಪಕ್ಕದ ಹೊಲಿಗೆಯಲ್ಲೂ ಬಟ್ಟೆ ಬಿಡುವಳು. ಪ್ರತಿ ಜೂನ್ ತಿಂಗಳಲ್ಲಿ ತಾಯಂದಿರು ಹಳೆಯ ಲಂಗ ಹಿಡಿದು ಬರುವರು. ಆಕೆ ಹೊಲಿಗೆ ಬಿಚ್ಚಿ, ಒಂದು ಮಡಿಕೆ ಇಳಿಸಿ, ಇಸ್ತ್ರಿ ತೀಡಿ ಕೊಡುವಳು. ಹುಡುಗಿ ಬೆಳೆದಂತೆ ಲಂಗವೂ ಬೆಳೆಯುತ್ತಿತ್ತು. ಅಳತೆ ತೆಗೆಯುವಾಗ ಟೇಪಿನ ಕೆಳಗೆ ತನ್ನ ತೋರುಬೆರಳು ಇಟ್ಟೇ ಬಿಗಿಯುವಳು. ಅದು ಉಸಿರಾಡುವುದಕ್ಕೆ ಎನ್ನುವಳು. ಆ ಒಂದು ಬೆರಳಿನ ಸಡಿಲವಿಲ್ಲದೆ ಅವಳ ಅಂಗಡಿಯಿಂದ ಒಂದು ಬಟ್ಟೆಯೂ ಹೊರಗೆ ಹೋದದ್ದಿಲ್ಲ.

ಏನನ್ನೇ ಕೊಳ್ಳಲಿ, ಆಕೆ ಒಳಗನ್ನು ಹೊರಗೆ ತಿರುವಿ ನೋಡುವಳು. ಕಾಯಿಪಲ್ಯದ ಚೀಲ ಕೊಂಡರೂ ಅಷ್ಟೇ. ಸಂತೆಯ ವ್ಯಾಪಾರಿಗಳು ಆಕೆ ಬರುವುದನ್ನು ಕಂಡರೆ ನಿಟ್ಟುಸಿರು ಬಿಡುತ್ತಿದ್ದರು.

ಒಂದು ವರ್ಷ ಶಾಲೆಯ ಆಡಳಿತದವರು ಸಮವಸ್ತ್ರ ಬದಲಿಸಲು ನಿಶ್ಚಯಿಸಿದರು. ಪಟ್ಟಣದಲ್ಲಿ ಸಿದ್ಧ ಉಡುಪಿನ ವ್ಯಾಪಾರಿಯೊಬ್ಬ ಇದ್ದ. ಆ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು. ಅವನು ಹೋಗಿ, ಈಗ ಬಟ್ಟೆ ಹೊಲಿದು ತೋರಿಸುವ ಕಾಲ ಹೋಯಿತು, ಕಂಪ್ಯೂಟರಿನಲ್ಲಿ ಮಗುವಿನ ಗೊಂಬೆಗೆ ಬಟ್ಟೆ ತೊಡಿಸಿ, ನಡೆಸಿ, ಕೂರಿಸಿ ತೋರಿಸಬಹುದು ಎಂದ. ಆಡಳಿತದವರಿಗೆ ಅದು ಹಿಡಿಸಿತು. ಹತ್ತು ದಿನದಲ್ಲಿ ಶಾಲೆಯ ಸಭಾಂಗಣಕ್ಕೆ ಬಂದು ಪರದೆಯ ಮೇಲೆ ತೋರಿಸಿ, ಯಾರದು ಒಪ್ಪಿಗೆಯಾಗುತ್ತದೋ ಅವರಿಗೇ ಕೆಲಸ ಎಂದು ಹೇಳಿ ಕಳಿಸಿದರು.

ಹೊಲಿಗೆಯಾಕೆ ಎದೆಗುಂದಲಿಲ್ಲ. ಆಕೆಯ ಸೊಸೆ ಉಡುಪು ವಿನ್ಯಾಸವನ್ನು ಎರಡು ವರ್ಷ ಓದಿದವಳು. ಗೊಂಬೆಗೆ ಬಟ್ಟೆ ತೊಡಿಸುವ ಆ ವಿದ್ಯೆ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಕೂಡ ಇತ್ತು. ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಭಾರವನ್ನೆಲ್ಲ ತಾನೇ ಹೊರುವ ಹಲಗೆ ಅದು. ಗೇಮ್ ಸೆಂಟರ್ ಮುಚ್ಚಿದ ಒಬ್ಬಾತ, ಮಗಳ ಮದುವೆಯ ಪೋಲಕ ಚಂದ ಹೊಲಿದಳೆಂದು ಮೆಚ್ಚಿ ಕೊಟ್ಟದ್ದು. ಒಂದು ಗೇಣಿಗಿಂತ ತುಸು ಉದ್ದ, ಎರಡು ಫ್ಯಾನು. ಆ ಕಾರ್ಡು ಇಲ್ಲದೆ ಗೊಂಬೆ ನಡೆಯುವುದಿಲ್ಲ. ಆದರೆ ಕಾರ್ಡನ್ನು ಕೂರಿಸಲು ಕಂಪ್ಯೂಟರೇ ಇರಲಿಲ್ಲ.

ಹನ್ನೊಂದು ಹೆಂಗಸರು ಕೂಡಿಸಿದ ಹಣ ಆಕೆಯ ಸೊಂಟದ ಚೀಲದಲ್ಲಿತ್ತು. ಹೊಸ ಕಂಪ್ಯೂಟರಿಗೆ ಅದು ಸಾಲದು. ಹಳೆಯದು ಒಂದನ್ನು ಒಂದು ಸಲ ಕೊಳ್ಳಬಹುದು. ತಪ್ಪು ಮಾಡಿ ಇನ್ನೊಂದು ಕೊಳ್ಳುವಷ್ಟು ಇರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಕಾರ್ಡನ್ನು ಅದರ ಡಬ್ಬಿಯ ಸಮೇತ ಸೆರಗಿನಲ್ಲಿ ಸುತ್ತಿಕೊಂಡು, ಹಳೆಯ ಕಂಪ್ಯೂಟರ್ ಮಾರುವ ಅಂಗಡಿಗೆ ಹೋದರು. ಉಡುಪಿನ ವ್ಯಾಪಾರಿಯೂ ಅದೇ ಹೊತ್ತಿಗೆ ಅಲ್ಲಿದ್ದ. ಅವನ ಕೈಯಲ್ಲಿ ಬೇರೊಂದು ಅಂಗಡಿಯಿಂದ ಆಗತಾನೆ ತಂದ ಹೊಸ ಕಾರ್ಡು.

ಅಂಗಡಿಯವನು ಮೊದಲು ಒಂದು ತೆಳ್ಳನೆಯ ಕಂಪ್ಯೂಟರ್ ತೋರಿಸಿದ. ಯಾವುದೋ ಕಚೇರಿಯಿಂದ ಬಂದದ್ದು. ಒಂದು ಗೀರಿಲ್ಲ. ಒಳಗಿನ ಪ್ರೊಸೆಸರ್ ಚುರುಕು. ಸೊಸೆಯ ಕಣ್ಣು ಅರಳಿತು.

“ಬಿಚ್ಚಿ ತೋರಸ್ರಿ,” ಎಂದಳು ಹೊಲಿಗೆಯಾಕೆ.

“ಬಿಚ್ಚೂದ್ಯಾಕ ಅಕ್ಕಾರ? ಒಳಗೆಲ್ಲಾ ಚಲೋ ಐತಿ.”

“ಚಲೋ ಇದ್ರ ಬಿಚ್ಚಾಕ ಅಂಜಿಕಿ ಯಾಕ್ರಿ?”

ಅಂಗಡಿಯವನು ಗೊಣಗುತ್ತ ಸ್ಕ್ರೂ ತೆಗೆದ. ಒಳಗೆ ಕೈಯಾಡಲು ಸಂದಿಯಿರಲಿಲ್ಲ. ಕಾರ್ಡು ಅಡ್ಡ ಹಿಡಿದರೂ ಹೋಗಲಿಲ್ಲ, ಉದ್ದ ಹಿಡಿದರೂ ಹೋಗಲಿಲ್ಲ. ಇದು ಇದ್ದವರಿಗೆ ಸರಿ, ಬರುವವರಿಗೆ ಅಲ್ಲ ಎಂದು ಆಕೆ ಅದನ್ನು ಪಕ್ಕಕ್ಕೆ ಸರಿಸಿದಳು.

ಎರಡನೆಯದು ಕರಿ ಬಣ್ಣದ್ದು, ಮೊದಲಿನದಕ್ಕಿಂತ ದೊಡ್ಡದು. ಅದರ ಮುಂಭಾಗದಲ್ಲಿ ನೀಲಿ ದೀಪ ಓಡಾಡುತ್ತಿತ್ತು. ಆಕೆ ಟೇಪು ತೆಗೆದು ಒಳಗಿನ ಅಳತೆ ನೋಡಿದಳು. ಉದ್ದ ಸರಿಯಾಗಿತ್ತು, ಅಗಲವೂ ಕೂದಲೆಳೆಯಷ್ಟು ಆಚೀಚೆ ಇಲ್ಲದೆ ಸರಿಯಾಗಿತ್ತು. ಆಮೇಲೆ ಅಭ್ಯಾಸದಂತೆ ಟೇಪಿನ ಕೆಳಗೆ ಬೆರಳು ಇಡಲು ಹೋದಳು. ಬೆರಳು ಹಿಡಿಸಲಿಲ್ಲ.

“ಉಸರಾಡಾಕ ಜಾಗ ಇಲ್ಲ,” ಎಂದಳು.

ಅಂಗಡಿಯವನು ನಕ್ಕ. ವ್ಯಾಪಾರಿಯಂತೂ ಬಿದ್ದು ಬಿದ್ದು ನಕ್ಕ. ಸೊಸೆ ನಾಚಿಕೆಯಿಂದ ಅತ್ತೆಯ ಕೈ ಜಗ್ಗಿ, “ಅತ್ತಿ, ಇದು ಪೋಲಕ ಅಲ್ಲ, ಕಂಪ್ಯೂಟರ್,” ಎಂದು ಪಿಸುಗುಟ್ಟಿದಳು.

ಹೊಲಿಗೆಯಾಕೆ ಕೇಳದವಳಂತೆ ಇನ್ನೊಂದು ಮಾತು ಕೇಳಿದಳು. ಎಲ್ಲಕ್ಕೂ ಕರೆಂಟು ಹಂಚುವ ಯಜಮಾನ ಇದರೊಳಗೆ ಯಾರು? ಸೊಸೆ ಮೂಲೆಯಲ್ಲಿದ್ದ ಒಂದು ತಗಡಿನ ಪೆಟ್ಟಿಗೆ ತೋರಿಸಿದಳು. ಅದರ ಚೀಟಿಯ ಮೇಲೆ ಇನ್ನೂರನಲವತ್ತು ವ್ಯಾಟ್ ಎಂದು ಬರೆದಿತ್ತು. ಕಾರ್ಡಿನ ಡಬ್ಬಿಯ ಮೇಲೆ, ಯಜಮಾನನಿಗೆ ನಾನೂರೈವತ್ತರ ಶಕ್ತಿ ಇರಬೇಕು ಎಂದು ಬರೆದಿತ್ತು.

ಆಕೆಗೆ ವ್ಯಾಟಿನ ಲೆಕ್ಕ ಗೊತ್ತಿರಲಿಲ್ಲ. ಆದರೆ ಮೋಟಾರ್ ಹಚ್ಚಿದ ಎರಡು ಹೊಲಿಗೆಯಂತ್ರಗಳನ್ನು ಒಂದೇ ಪ್ಲಗ್ಗಿಗೆ ಹಾಕಿ, ಫ್ಯೂಸು ಸುಟ್ಟು, ಹನ್ನೊಂದು ಜನ ಕೈಕಟ್ಟಿ ಕೂತ ದಿನ ಚೆನ್ನಾಗಿ ನೆನಪಿತ್ತು.

“ನಾನೂರೈವತ್ತು ಬೇಡೋ ಮಗಳನ್ನ ಇನ್ನೂರನಲವತ್ತು ದುಡಿಯೋ ಮನಿಗೆ ಹ್ಯಾಂಗ ಕೊಡ್ಲಿ?” ಎಂದಳು.

“ಎಲ್ಲಾರೂ ಹಿಂಗ ನಡಸ್ತಾರ್ರಿ. ನಡೀತೈತಿ ಬಿಡ್ರಿ,” ಎಂದ ಅಂಗಡಿಯವನು.

ನಡೀತೈತಿ ಬಿಡ್ರಿ ಎಂಬ ಮಾತು ವ್ಯಾಪಾರಿಗೆ ಹಿಡಿಸಿತು. ಅವನ ಕಾರ್ಡು ಉದ್ದದಲ್ಲೂ ಅಗಲದಲ್ಲೂ ಒಂದು ಬೆರಳು ಕಡಿಮೆ. ಆ ಕರಿ ಕಂಪ್ಯೂಟರಿನಲ್ಲಿ ಅದು ಕೂತಿತು. ಕಾರ್ಡಿಗೆ ಕರೆಂಟು ಕೊಡುವ ವೈರು ಅದರಲ್ಲಿ ಇರಲಿಲ್ಲ. ಅಂಗಡಿಯವನು ಎಲ್ಲಿಂದಲೋ ಒಂದು ಜೋಡು ವೈರು ತಂದು ಸಿಕ್ಕಿಸಿದ. ನೀಲಿ ದೀಪ ಓಡಾಡಿತು. ವ್ಯಾಪಾರಿ ಅಲ್ಲೇ ಹಣ ಎಣಿಸಿ ಕೊಟ್ಟ.

ಹೊಲಿಗೆಯಾಕೆ ಅಂಗಡಿಯನ್ನೆಲ್ಲ ಕಣ್ಣಾಡಿಸಿದಳು. ಬಾಗಿಲ ಹಿಂದೆ ಒಂದು ಬೂದು ಬಣ್ಣದ ದೊಡ್ಡ ಡಬ್ಬ ನಿಂತಿತ್ತು. ಅದರ ಮೇಲೆ ಅಂಗಡಿಯವನ ಚಹಾದ ಫ್ಲಾಸ್ಕು, ಎರಡು ಲೋಟ.

“ಅದನ್ನ ಬಿಚ್ಚಿ ತೋರಸ್ರಿ.”

“ಅದು ಬ್ಯಾಡ್ರಿ ಅಕ್ಕಾರ. ಮದುವಿ ಆಲ್ಬಮ್ ಮಾಡೋ ಸ್ಟುಡಿಯೋದಾವ್ರದು. ಹಳೇದು. ಅದರಾಗಿನ ಕಾರ್ಡ್ ಅವರ ತಗೊಂಡು ಹೋಗ್ಯಾರ.”

“ಅವರು ಕಾರ್ಡ್ ಒಯ್ದಾರ, ಜಾಗ ಒಯ್ದಿಲ್ಲಲ್ಲ. ಬಿಚ್ರಿ.”

ಫ್ಲಾಸ್ಕು ಕೆಳಗಿಳಿಯಿತು. ಮುಚ್ಚಳ ತೆಗೆದರೆ ಒಳಗೆ ಬೆರಳು ದಪ್ಪ ಧೂಳು. ಆಕೆ ಸೆರಗು ಮೂಗಿಗೆ ಹಿಡಿದು ಬಗ್ಗಿದಳು. ನಡುವೆ ಕಾರ್ಡು ಕೂರುವ ಉದ್ದನೆಯ ಸೀಳು ಖಾಲಿ ಇತ್ತು. ಸುತ್ತ ಧಾರಾಳ ಜಾಗ. ತಗಡಿನ ಪೆಟ್ಟಿಗೆಯ ಚೀಟಿಯ ಮೇಲೆ ಐನೂರೈವತ್ತು. ಅದರಿಂದ ಹೊರಟ ನಾಲ್ಕು ವೈರುಗಳು ಯಾವುದಕ್ಕೂ ಸಿಕ್ಕಿಸದೆ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಒಂದು ಮೂಲೆಯಲ್ಲಿ ಕಾದು ಕೂತಿದ್ದವು.

ಹೊಲಿಗೆಯಾಕೆಯ ಮುಖ ಅರಳಿತು. “ಇದನ್ನ ಹೊಲಿದಾವ್ರು ಬಟ್ಟಿ ಬಿಟ್ಟಾರ,” ಎಂದಳು.

ಸೊಸೆಗೆ ಸಮಾಧಾನವಿಲ್ಲ. ಪ್ರೊಸೆಸರ್ ಹಳೆಯದು, ಓಟ ಕಡಿಮೆ, ಮೊದಲಿನದರ ಮುಂದೆ ಇದು ನಿಲ್ಲುವುದಿಲ್ಲ ಎಂದಳು.

“ನಮ್ಮ ಕೆಲಸಕ್ಕ ಸಾಕಾಗತೈತೋ ಇಲ್ಲೋ, ಅದನ್ನ ಹೇಳು.”

ಸೊಸೆ ತನ್ನ ಫೋನಿನಲ್ಲಿ ಓದಿ, ಲೆಕ್ಕ ಹಾಕಿ, ಒಲ್ಲದ ಮನಸ್ಸಿನಿಂದ ಹೇಳಿದಳು: “ಸಾಕಾಗತೈತಿ. ಹೆಚ್ಚಿಲ್ಲ.”

“ಸಾಕಾದ್ರ ಸಾಕು.”

ಧೂಳು ಒರೆಸಿ ಕಾರ್ಡು ಕೂರಿಸಿದರು. ಕರೆಂಟಿನ ವೈರನ್ನು ಕಾರ್ಡಿನ ಪಕ್ಕಕ್ಕೆ ಸಿಕ್ಕಿಸಬೇಕು. ಸಿಕ್ಕಿಸಿದಾಗ ಅದರ ತಲೆ ಕಾರ್ಡಿನಿಂದ ಹೊರಗೆ ಚಾಚಿಕೊಂಡಿತು. ಎಷ್ಟು? ಸರಿಯಾಗಿ ಒಂದು ಬೆರಳು. ಕರಿ ಕಂಪ್ಯೂಟರಾಗಿದ್ದರೆ ಮುಚ್ಚಳ ಮುಚ್ಚುತ್ತಿರಲಿಲ್ಲ. ಅಂಗಡಿಯವನು ವೈರನ್ನೊಮ್ಮೆ, ಆಕೆಯ ತೋರುಬೆರಳನ್ನೊಮ್ಮೆ ನೋಡಿದ. ಈಗ ಅವನು ನಗಲಿಲ್ಲ.

ಆಮೇಲೂ ಆಕೆ ಹಣ ತೆಗೆಯಲಿಲ್ಲ. ಒಂದು ತಾಸು ನಡೆಸಿ ತೋರಿಸಿ ಎಂದಳು. ಸೊಸೆ ಗೊಂಬೆಯನ್ನು ನಡೆಸಿದಳು, ಓಡಿಸಿದಳು, ಕುಣಿಸಿದಳು. ಆಕೆ ಚೀಲದಿಂದ ಒಂದು ಲಂಗ ತೆಗೆದು ಅಂಚು ಹೊಲಿಯುತ್ತ ಕೂತಳು. ನಡುನಡುವೆ ಎದ್ದು ಡಬ್ಬದ ಹಿಂದೆ ಕೈಯಿಟ್ಟು, ಬರುವ ಗಾಳಿ ಎಷ್ಟು ಬಿಸಿ ಎಂದು ನೋಡಿದಳು. ಮೂರು ಲಂಗದ ಅಂಚು ಮುಗಿಯಿತು. ಡಬ್ಬ ಒಮ್ಮೆಯೂ ನಿಲ್ಲಲಿಲ್ಲ. ತೆಳ್ಳನೆಯದಕ್ಕಿಂತ ಕಡಿಮೆ ಬೆಲೆಗೆ ಅದು ಆಕೆಯದಾಯಿತು.

ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿ, “ಗುಜರಿ ಒಯ್ಯಾಕತ್ತೀರಲ್ಲ ಅಕ್ಕಾರ,” ಎಂದು ಕಿಚಾಯಿಸಿದ. ಆಕೆ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು.

ಹತ್ತನೆಯ ದಿನ ಬಂತು. ಶಾಲೆಯ ಸಭಾಂಗಣ ತುಂಬಿತ್ತು. ಮುಂದೆ ಹೆಡ್‌ಮೇಡಂ ಮತ್ತು ಆಡಳಿತದವರು. ಹಿಂದಿನ ಬೆಂಚುಗಳಲ್ಲಿ ಮಕ್ಕಳ ತಾಯಂದಿರು. ಒಂದು ಪಕ್ಕ ಹತ್ತು ಹೆಂಗಸರು ಕೈ ಕೈ ಹಿಡಿದುಕೊಂಡು ಕೂತಿದ್ದರು.

ಮೊದಲ ಸರದಿ ವ್ಯಾಪಾರಿಯದು. ನೀಲಿ ದೀಪ ಓಡಾಡಿತು. ಪರದೆಯ ಮೇಲೆ ಐದನೆಯ ತರಗತಿಯ ಹುಡುಗಿಯೊಬ್ಬಳು ಹೊಸ ಸಮವಸ್ತ್ರ ತೊಟ್ಟು ನಿಂತಳು. ಬಟ್ಟೆ ಚಂದವಿತ್ತು. ಸುಳ್ಳು ಹೇಳಬಾರದು, ಬಹಳ ಚಂದವಿತ್ತು. ಹುಡುಗಿ ಒಂದು ಹೆಜ್ಜೆ ಎತ್ತಿದಳು. ಕಂಪ್ಯೂಟರ್ ಆರಿಹೋಯಿತು.

ಮತ್ತೆ ಹಚ್ಚಿದರು. ನಿಂತಾಗ ಸರಿ, ಹೆಜ್ಜೆ ಎತ್ತಿದರೆ ಕತ್ತಲೆ. ಮೂರನೆಯ ಸಲವೂ ಅದೇ. ವ್ಯಾಪಾರಿಯ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಸಮಯ ಮುಗಿಯಿತೆಂದು ಹೆಡ್‌ಮೇಡಂ ಹೇಳಿದರು. ಅವನು ತಲೆ ತಗ್ಗಿಸಿ ವೈರು ಕೀಳತೊಡಗಿದ. ಹತ್ತು ಹೆಂಗಸರ ಮುಖದಲ್ಲಿ ಜೀವ ಬಂತು. ಇನ್ನು ಗೆದ್ದಂತೆಯೇ ಎಂದುಕೊಂಡರು.

ಆಗ ಹೊಲಿಗೆಯಾಕೆ ಎದ್ದು ನಿಂತಳು. “ಅವರ ಚಿತ್ರಾನ ನಮ್ಮ ಡಬ್ಬದಾಗ ಹಾಕಿ ತೋರಸು,” ಎಂದಳು ಸೊಸೆಗೆ.

ಸೊಸೆ ಬೆಚ್ಚಿದಳು. “ಅತ್ತಿ, ಹನ್ನೊಂದು ಮನಿ ಐತಿ ಇದರ ಮ್ಯಾಲೆ!”

“ಅವರದು ನೋಡದ ನಮ್ಮದು ಆರಿಸಿದ್ರ ಅದು ನಮ್ಮ ಹೊಲಿಗಿಗೆ ಮರ್ಯಾದಿ ಅಲ್ಲ. ಜಾಗ ಐತಿ, ಹಾಕು.”

ಸೊಸೆ ವ್ಯಾಪಾರಿಯ ಪೆನ್‌ಡ್ರೈವ್ ತೆಗೆದುಕೊಂಡಳು. ಬೂದು ಡಬ್ಬ ಗುಂಯ್ ಎಂದಿತು. ವ್ಯಾಪಾರಿಯ ಹುಡುಗಿ ಎದ್ದಳು, ನಡೆದಳು, ಕೂತಳು, ಬಗ್ಗಿ ಚೀಲ ಎತ್ತಿದಳು. ತಾಯಂದಿರು ಚಪ್ಪಾಳೆ ತಟ್ಟಿದರು. ಹತ್ತು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳ ಕಣ್ಣಲ್ಲಿ ನೀರೇ ಬಂತು.

ಈಗ ಹೊಲಿಗೆಯಾಕೆಯ ಸರದಿ. ಅವಳ ಹುಡುಗಿಯೂ ಐದನೆಯ ತರಗತಿಯವಳು. ಬಟ್ಟೆ ಸಾದಾ. ಹುಡುಗಿ ನಡೆದಳು, ಕೂತಳು, ಬಗ್ಗಿದಳು. ಚಪ್ಪಾಳೆ ಬಂತು, ಆದರೆ ವ್ಯಾಪಾರಿಯದಕ್ಕೆ ಬಂದಷ್ಟು ಇಲ್ಲ.

“ಈಗ ಬೆಳಸು,” ಎಂದಳು ಅತ್ತೆ.

ಸೊಸೆ ಒಂದು ಗುಂಡಿ ಒತ್ತಿದಳು. ಪರದೆಯ ಮೇಲಿನ ಹುಡುಗಿ ಬೆಳೆದಳು. ಆರನೆಯ ತರಗತಿಯವಳಾದಳು. ಲಂಗ ಮೊಣಕಾಲಿನ ಮೇಲೆ ಹೋಯಿತು. ಎಲ್ಲ ತಾಯಂದಿರಿಗೂ ಗೊತ್ತಿರುವ ಸಂಕಟ ಅದು. ಆಗ ಲಂಗದ ಅಂಚಿನ ಹೊಲಿಗೆ ತಾನಾಗಿ ಬಿಚ್ಚಿಕೊಂಡಿತು. ಒಳಗಿನಿಂದ ಒಂದು ಮಡಿಕೆ ಇಳಿಯಿತು. ಲಂಗ ಮೊದಲಿದ್ದಲ್ಲಿಗೇ ಬಂದು ನಿಂತಿತು. ಹುಡುಗಿ ಮತ್ತೆ ಬೆಳೆದಳು, ಏಳನೆಯ ತರಗತಿ. ಇನ್ನೊಂದು ಮಡಿಕೆ ಇಳಿಯಿತು.

“ಒಂದ ಲಂಗ, ಮೂರು ವರ್ಷ,” ಎಂದಳು ಹೊಲಿಗೆಯಾಕೆ.

ಆಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬ ತಾಯಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವಳು ಎದ್ದಳು. ನೋಡನೋಡುತ್ತ ಇಡೀ ಸಭಾಂಗಣ ಎದ್ದಿತು. ಯಾರೋ ಒಬ್ಬಾಕೆ ವಯಸ್ಸನ್ನೂ ಮರೆತು ಸಿಳ್ಳೆ ಹಾಕಿದಳು. ಹೆಡ್‌ಮೇಡಂ ವ್ಯಾಪಾರಿಯನ್ನು ಕರೆದು, ನಿಮ್ಮ ಲಂಗದ ಅಂಚಿನಲ್ಲಿ ಎಷ್ಟು ಬಟ್ಟೆ ಇದೆ ಎಂದು ಕೇಳಿದರು. ಅರ್ಧ ಬೆರಳು ಎಂದ ಅವನು. ಪಾಪ, ಸುಳ್ಳು ಹೇಳಲಿಲ್ಲ.

ಕೆಲಸ ಹೊಲಿಗೆಯಾಕೆಗೆ ಸಿಕ್ಕಿತು. ಆ ಶಾಲೆಯದಷ್ಟೇ ಅಲ್ಲ, ಅದೇ ಆಡಳಿತದ ಇನ್ನೆರಡು ಶಾಲೆಗಳದೂ ಸಿಕ್ಕಿತು. ಹನ್ನೊಂದು ಜನರ ಕೈ ಸಾಲದೆ ಇನ್ನೂ ಹದಿಮೂರು ಹೆಂಗಸರನ್ನು ಕರೆಯಬೇಕಾಯಿತು. ಆ ದಿನ ಹತ್ತು ಹೆಂಗಸರು ಬೂದು ಡಬ್ಬಕ್ಕೆ ತಮ್ಮ ಮುಡಿಯ ಹೂವನ್ನೆಲ್ಲ ತೆಗೆದು ಸುತ್ತಿದರು. ಸೊಸೆ ಅತ್ತೆಯ ಕೈ ಹಿಡಿದುಕೊಂಡು ಆ ತೋರುಬೆರಳನ್ನು ಕಣ್ಣಿಗೊತ್ತಿಕೊಂಡಳು. ಕೊನೆಗೆ ವ್ಯಾಪಾರಿಯೂ ಬಂದ. ಕೈ ಮುಗಿದು ಕೇಳಿದ: “ಅಕ್ಕಾರ, ಇಂಥಾ ಗುಜರಿ ಇನ್ನೊಂದು ಎಲ್ಲಿ ಸಿಗತೈತ್ರಿ?”

ಅಜ್ಜನವರು ಕತೆ ನಿಲ್ಲಿಸಿ ತಾವೇ ಮೊದಲು ನಕ್ಕರು. ಗದಿಗಯ್ಯನೂ ನಕ್ಕ. ನಕ್ಕವನು ಚೀಲವನ್ನು ನೋಡಿ ಮತ್ತೆ ಮುಖ ಸಣ್ಣದು ಮಾಡಿದ.

“ಕತಿ ಚಲೋ ಐತ್ರಿ ಅಜ್ಜಾರ. ಆದ್ರ ಆಕಿ ಮುಚ್ಚಳ ತಗದು ನೋಡಿದ್ಲು, ಜಾಗ ಐತಿ ಅಂತ ತಿಳಕೊಂಡ್ಲು. ನಾ ಬಂದ ದಿನ ನೀವು ನನ್ನ ಒಂದ ಪ್ರಶ್ನಿನೂ ಕೇಳಲಿಲ್ಲ. ಏನ ನೋಡಿ ಇಟ್ಟುಕೊಂಡ್ರಿ?”

ಅಜ್ಜನವರು ಹೇಳಿದರು:

“ಆ ಮುದುಕಿ ಅತ್ತು ಮುಗಸೂತನಕ ನಿನ್ನ ತಾಟಿನ್ಯಾಗ ಅನ್ನ ಹಂಗ ಆರಿದ್ದು ನೋಡಿದೆ.”